ಹಿಟಾಚಿ ಯಾಕೆ ಸುಮ್ಮನೆ ನಿಂತಿದೆ?

ದಾವಣಗೆರೆಯ ಚೌಕಿಪೇಟೆ ಕಡೆ ಒಂದು ಹಳೇ ಮನೆ ಕೆಡವುವ ಕೆಲಸ ಹಿಡಿದಿದ್ದೆ. ಮುಂದಿನ ಅರ್ಧ ಮಾಳಿಗೆ ಮನೆ, ಅಂದರೆ ಮರದ ತೊಲೆಯ ಮೇಲೆ ಮಣ್ಣಿನ ಚಾವಣಿ. ಹಿಂದಿನ ಅರ್ಧ ಆಮೇಲೆ ಸೇರಿಸಿದ್ದು, ಆರ್‌ಸಿಸಿ, ಅದರ ಮೇಲೆ ಇನ್ನೊಂದು ಅಂತಸ್ತು. ಕೆಡವುವ ಹಿಟಾಚಿ ಮಿಷನ್ ಹೊತ್ತು ತಂದ ಲಾರಿ ಬೀದಿಯೊಳಗೆ ತಿರುಗುವಂತಿರಲಿಲ್ಲ. ದೊಡ್ಡ ರಸ್ತೆಯಲ್ಲೇ ಇಳಿಸಿಕೊಂಡು, ಟಾರು ಕಿತ್ತು ಬರದಂತೆ ಚೈನ್ ಕೆಳಗೆ ಹಳೇ ಟೈರ್ ಹಾಸುತ್ತಾ ನಡೆಸಿಕೊಂಡು ಬಂದೆವು. ಬೆಳಿಗ್ಗೆ ಎಂಟಕ್ಕೆ ಬಂದ ಹಿಟಾಚಿ ಹನ್ನೊಂದಾದರೂ ಬಕೆಟ್ ಎತ್ತಿರಲಿಲ್ಲ. ಎದುರಿನ ಮಂಡಕ್ಕಿ ಅಂಗಡಿಯ ಅಜ್ಜನಿಗೆ ತಡೆಯಲಾಗಲಿಲ್ಲ.

"ಏನ್ ತಮ್ಮಾ, ಗಂಟೆ ಲೆಕ್ಕದ ಬಾಡಿಗಿ ಅಂತೀಯ, ಮಿಷನ್ ನೋಡಿದ್ರೆ ನಿಂತೇ ಐತಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ನಿನ್ ದೊಣ್ಣೆಗೆ ಎಷ್ಟ್ ದಿವ್ಸ ಬೇಕು ಮಾರಾಯ? ಒಂದು ಗುದ್ದಿದ್ರೆ ಬೀಳಲ್ವಾ?"

ಬೀಳುತ್ತೆ ಅಜ್ಜ. ಯಾವ ಕಡೆ ಬೀಳುತ್ತೆ ಅನ್ನೋದೇ ಪ್ರಶ್ನೆ.

ಅಜ್ಜನ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರ ಬಿದ್ದದ್ದನ್ನು ಟೀವಿಯಲ್ಲಿ ನೋಡಿದವರಿಗೆ ಕೆಡವುವುದು ಹತ್ತು ಸೆಕೆಂಡಿನ ಆಟ ಅನ್ನಿಸುತ್ತದೆ. ಆ ಹತ್ತು ಸೆಕೆಂಡಿನ ಹಿಂದೆ ತಿಂಗಳುಗಟ್ಟಲೆ ತಯಾರಿ, ಪಿಲ್ಲರುಗಳಲ್ಲಿ ಕೊರೆದ ಸಾವಿರಾರು ತೂತು, ಸುಮಾರು 3,700 ಕಿಲೋ ಸ್ಫೋಟಕ ಇತ್ತು. ಗೋಪುರ ಸುಮಾರು 100 ಮೀಟರ್ ಎತ್ತರ. ನಮ್ಮ ಹಳೇ ಪೇಟೆಯ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಇಲ್ಲಿ ಎಲ್ಲವನ್ನೂ ಮಿಷನ್ನಿನಲ್ಲಿ, ಕೈಯಲ್ಲಿ, ತುಂಡು ತುಂಡಾಗಿಯೇ ಬಿಚ್ಚಬೇಕು.

ಯಾವುದು ಜೆಸಿಬಿ, ಯಾವುದು ಹಿಟಾಚಿ

ನಮ್ಮ ಕಡೆ ನಾಲ್ಕು ಟೈರ್ ಮೇಲೆ ಓಡುವುದು ಜೆಸಿಬಿ, ಚೈನ್ ಮೇಲೆ ಓಡುವುದು ಹಿಟಾಚಿ. ಕಂಪನಿ ಯಾವುದೇ ಇರಲಿ, ಕರೆಯುವುದು ಹಾಗೇ. ಜೆಸಿಬಿ ಅನ್ನುವುದು ಇಂಗ್ಲೆಂಡಿನ ಕಂಪನಿಯ ಹೆಸರು, 1945ರಲ್ಲಿ ಶುರುವಾದದ್ದು. ಹಿಟಾಚಿ ಜಪಾನಿನದು. ಟಾಟಾ ಜೊತೆ ಸೇರಿ ಅವರು ನಡೆಸುವ ಕಾರ್ಖಾನೆ ಇದೇ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ನಮ್ಮ ಧಾರವಾಡದಲ್ಲೇ ಇದೆ.

ಹೆಸರಿಗಿಂತ ಮುಖ್ಯ ತೂಕ ಮತ್ತು ಎಟುಕು. ಜೆಸಿಬಿ ಏಳೂವರೆ ಎಂಟು ಟನ್ ಇರುತ್ತದೆ. ಮುಂದೆ ಅಗಲದ ಬಕೆಟ್, ಹಿಂದೆ ತೋಳು. ಕಾಂಪೌಂಡು, ಒಂದಂತಸ್ತಿನ ಗೋಡೆ, ಡೆಬ್ರಿ (ಒಡೆದ ಕಲ್ಲುಮಣ್ಣು) ತುಂಬುವುದು, ಇಷ್ಟಕ್ಕೆ ಒಳ್ಳೇದು. ಸಾಮಾನ್ಯ ಹಿಟಾಚಿ 20 ಟನ್. ನೆಲದ ಮೇಲೆ ನಿಂತು 9ರಿಂದ 10 ಮೀಟರ್ ಎತ್ತರಕ್ಕೆ ಬಕೆಟ್ ಮುಟ್ಟಿಸುತ್ತದೆ. ಅಂದರೆ ಕೆಳಗಿನದು, ಮೇಲೊಂದು ಅಂತಸ್ತು, ಒದ್ದಾಡಿದರೆ ಅದರ ಮೇಲಿನದು. ಅದಕ್ಕೂ ಎತ್ತರ ಇದ್ದರೆ ಉದ್ದ ತೋಳಿನ ಬೇರೆ ಮಿಷನ್ ಬೇಕು, ಇಲ್ಲವೇ ಚಿಕ್ಕ ಮಿಷನ್ನನ್ನು ಕ್ರೇನಿನಲ್ಲಿ ಮೇಲಿನ ಸ್ಲ್ಯಾಬಿಗೆ ಏರಿಸಬೇಕು. ಬೆಂಗಳೂರಿನಲ್ಲಿ ಏರಿಸುತ್ತಾರೆ. ನಮ್ಮಲ್ಲಿ ಅಷ್ಟು ಎತ್ತರದ ಕೆಲಸ ಕಡಿಮೆ.

ಕಾಂಕ್ರೀಟ್ ಒಡೆಯಲು ಬಕೆಟ್ ತೆಗೆದು ಬ್ರೇಕರ್ ಹಾಕುತ್ತಾರೆ. ರಸ್ತೆಯಲ್ಲಿ ಡಡಡಡ ಅಂತ ಕಿವಿ ಹರಿಯುವ ಸದ್ದು ಬರುತ್ತದಲ್ಲ, ಅದೇ. ಅದರೊಳಗೆ ಒಂದು ಪಿಸ್ಟನ್, ಅದರ ತಲೆಯ ಮೇಲೆ ನೈಟ್ರೋಜನ್ ಗ್ಯಾಸ್ ತುಂಬಿದ ಕೋಣೆ. ಹೈಡ್ರಾಲಿಕ್ ಆಯಿಲ್ ಪಿಸ್ಟನ್ನನ್ನು ಮೇಲಕ್ಕೆ ತಳ್ಳಿದಾಗ ಗ್ಯಾಸ್ ಸ್ಪ್ರಿಂಗಿನ ಹಾಗೆ ಅದುಮಿಕೊಳ್ಳುತ್ತದೆ. ವಾಲ್ವ್ ತಿರುಗಿದ ಕೂಡಲೇ ಪಿಸ್ಟನ್ ಕೆಳಗೆ ನುಗ್ಗಿ ಬ್ರೇಕರ್ ತುದಿಯ ಉಳಿಯ ತಲೆಗೆ ಹೊಡೆಯುತ್ತದೆ. ನಿಮಿಷಕ್ಕೆ ನೂರಾರು ಏಟು. ಕಾಂಕ್ರೀಟಿಗೆ ಅದುಮುವ ಭಾರ ತಡೆಯುವ ಶಕ್ತಿ ಜಾಸ್ತಿ, ಎಳೆದರೆ ಅದರ ಸುಮಾರು ಹತ್ತನೇ ಒಂದು ಪಾಲು ಮಾತ್ರ ತಡೆಯುತ್ತದೆ. ಉಳಿ ಒಳಗಿಳಿದು ಅದನ್ನು ಎರಡು ಕಡೆಗೆ ಸೀಳುತ್ತದೆ, ಕಾಂಕ್ರೀಟು ಎಳೆತಕ್ಕೆ ಬಿರಿಯುತ್ತದೆ. ಕಟ್ಟಿಗೆ ಒಡೆಯುವವರಿಗೆ ಇದು ಗೊತ್ತಿರುವುದೇ.

ಹೊಸ ಆಪರೇಟರ್ ಯಾರು ಅಂತ ಬ್ರೇಕರ್ ಸದ್ದಿನಲ್ಲೇ ತಿಳಿಯುತ್ತದೆ. ಉಳಿ ನೆಟ್ಟಗೆ ಕೂತು ಹೊಡೆದರೆ ಸದ್ದು ದಪ್ಪಗಿರುತ್ತದೆ. ಕಲ್ಲು ಒಡೆದ ಮೇಲೂ ಪೆಡಲ್ ಬಿಡದಿದ್ದರೆ ಕಣಕಣ ಅಂತ ಖಾಲಿ ಏಟು ಬೀಳುತ್ತದೆ, ಆ ಹೊಡೆತವನ್ನೆಲ್ಲ ಬ್ರೇಕರೇ ತಿನ್ನುತ್ತದೆ. ಬಗ್ಗದ ಜಾಗದಲ್ಲಿ ಅರ್ಧ ನಿಮಿಷ ಹೊಡೆದ ಮೇಲೂ ಬಿರುಕು ಬರಲಿಲ್ಲ ಅಂದರೆ ಜಾಗ ಬದಲಿಸಬೇಕು. ಅಲ್ಲೇ ಹಟ ಹಿಡಿದರೆ ಉಳಿಯ ಮೊನೆ ಕಾದು ಮೆತ್ತಗಾಗುತ್ತದೆ. ಉಳಿಯನ್ನೇ ಸಲಾಕೆ ಮಾಡಿಕೊಂಡು ಮೀಟುವವರಿದ್ದಾರೆ. ಅವರ ಕೈಗೆ ನನ್ನ ಮಿಷನ್ ಕೊಡುವುದಿಲ್ಲ.

ಭಾರ ಯಾವ ದಾರಿಯಲ್ಲಿ ಇಳಿಯುತ್ತಿದೆ

ಇಷ್ಟು ಬಲ ಇರುವ ಮಿಷನ್ ನಿಂತು ಕಾಯುವುದು ಯಾಕೆ? ಕಟ್ಟಡ ಹೇಗೆ ನಿಂತಿದೆ ಅನ್ನುವುದು ಗೊತ್ತಾಗುವ ತನಕ ಅದನ್ನು ಮುಟ್ಟಬಾರದು, ಅದಕ್ಕೆ.

ಪಿಲ್ಲರ್ ಇರುವ ಮನೆಯಲ್ಲಿ ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನದು ಪಿಲ್ಲರಿಗೆ, ಅಲ್ಲಿಂದ ಪಾಯಕ್ಕೆ ಇಳಿಯುತ್ತದೆ. ನಡುವಿನ ಇಟ್ಟಿಗೆ ಗೋಡೆ ಬರೀ ಮರೆ. ಅದನ್ನು ತೆಗೆದರೂ ಮನೆ ನಿಲ್ಲುತ್ತದೆ. ಆದರೆ ನಮ್ಮೂರಿನ ಎಷ್ಟೋ ಹಳೇ ಮನೆಗಳಿಗೆ ಪಿಲ್ಲರೇ ಇಲ್ಲ. ಒಂಬತ್ತಿಂಚು ಗೋಡೆಯ ಮೇಲೆ ನೇರವಾಗಿ ಸ್ಲ್ಯಾಬ್ ಹಾಕಿದ್ದಾರೆ. ಅಲ್ಲಿ ಗೋಡೆಯೇ ಎಲ್ಲವನ್ನೂ ಹೊತ್ತಿದೆ. ಪ್ಲಾಸ್ಟರ್, ಬಣ್ಣ ಆದ ಮೇಲೆ ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಮೂಲೆ ಮೂಲೆಯಲ್ಲಿ ಪ್ಲಾಸ್ಟರ್ ಕೆತ್ತಿ ನೋಡುತ್ತೇವೆ. ಒಳಗೆ ಕಾಂಕ್ರೀಟಾ, ಇಟ್ಟಿಗೆಯಾ? ಮೇಲಿನ ಗೋಡೆಯ ಕೆಳಗೆ ಕೆಳಗಿನ ಗೋಡೆ ಇದೆಯಾ, ಇಲ್ಲ ನಡುವೆ ಎಲ್ಲೋ ಬೀಮಿನ ಮೇಲೆ ಕೂತಿದೆಯಾ? ಹಾಲ್ ದೊಡ್ಡದು ಮಾಡಲು ಯಾವಾಗಲೋ ಒಂದು ಗೋಡೆ ಕಿತ್ತು ಕಬ್ಬಿಣದ ಗರ್ಡರ್ ಕೊಟ್ಟಿರುತ್ತಾರೆ. ಮಾಲೀಕರಿಗೆ ಕೇಳಿದರೆ "ನಮ್ಮಪ್ಪನ ಕಾಲದ್ದು, ಗೊತ್ತಿಲ್ರೀ" ಅನ್ನುತ್ತಾರೆ.

ಮಾಳಿಗೆ ಮನೆಯ ಕಥೆ ಬೇರೆ. ದಾವಣಗೆರೆ, ಚಿತ್ರದುರ್ಗ ಸುತ್ತಿನವರಿಗೆ ಅದು ಗೊತ್ತು. ಕಂಬ, ಕಂಬದ ಮೇಲೆ ಬೋದಿಗೆ (ತೊಲೆ ಕೂರುವ ಅಡ್ಡಮರ), ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಜಂತೆಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು. ನೀರಿಳಿಯದಿರಲಿ ಅಂತ ಪ್ರತಿ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ, ಹೊಸದು ಮೇಲೆ ಬೀಳುತ್ತದೆ. ಒಂದು ಲೆಕ್ಕ ನೋಡಿ. 10×10 ಅಡಿಯ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದರ ತೂಕ 4 ಟನ್ ದಾಟುತ್ತದೆ. ಅದೇ ಕೋಣೆಗೆ 5 ಇಂಚಿನ ಆರ್‌ಸಿಸಿ ಹಾಕಿದರೆ ಸುಮಾರು 3 ಟನ್. ಮಣ್ಣಿನ ಮನೆ ಹಗುರ ಅಂದುಕೊಂಡವರು ಈ ಲೆಕ್ಕ ಕೇಳಿ ಬೆಚ್ಚುತ್ತಾರೆ.

ಈ ಭಾರ ಕೆಲವು ಮನೆಯಲ್ಲಿ ಪೂರ್ತಿ ಕಂಬದ ಮೇಲಿರುತ್ತದೆ, ಕೆಲವದರಲ್ಲಿ ತೊಲೆಯ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಗೋಡೆಯೊಳಗೆ. ಗೋಡೆಯೊಳಗೆ ಹೂತ ಆ ತುದಿಗೇ ಗೆದ್ದಲು ಹಿಡಿಯುವುದು. ಹೊರಗೆ ಕಾಣುವ ತೇಗ ಕಬ್ಬಿಣದಂತಿರುತ್ತದೆ, ಒಳಗಿನ ಒಂದಡಿ ಪುಡಿಯಾಗಿರುತ್ತದೆ. ಇಂಥ ಮನೆಗೆ ಬಕೆಟ್ ತಾಗಿಸಿದರೆ ಒಂದು ತೊಲೆ ಜಾರಿ, ಅದರ ಜಂತೆ ಪಕ್ಕದ ತೊಲೆಯನ್ನೂ ಎಳೆದು, ಕಂಬಗಳ ನಡುವಿನ ಪೂರ್ತಿ ಅಂಕಣವೇ ಕುಸಿಯಬಹುದು. ಹಾಗಾಗಿ ಮೊದಲು ಜನ ಮೇಲೆ ಹತ್ತಿ, ಹಲಗೆ ಹಾಸಿಕೊಂಡು, ಮಣ್ಣನ್ನು ಪುಟ್ಟಿಯಲ್ಲಿ ಇಳಿಸುತ್ತಾರೆ. ಎರಡೂ ಕಡೆಯಿಂದ ಸಮ ಸಮ. ಒಂದೇ ಕಡೆ ಖಾಲಿ ಮಾಡಿದರೆ ಮನೆ ವಾಲುತ್ತದೆ. ಆಮೇಲೆ ಹಲಗೆ, ಜಂತೆ, ತೊಲೆ, ಕಂಬ. ಕಟ್ಟುವಾಗ ಹೋದ ದಾರಿಯಲ್ಲೇ ಹಿಂದೆ ಬರುವುದು.

ಭಾರತೀಯ ಮಾನಕ ಬ್ಯೂರೋದ ಐಎಸ್ 4130 ಹೇಳುವುದೂ ಇದನ್ನೇ. ಕಟ್ಟಡ ಕೆಡವುವಾಗ ಪಾಲಿಸಬೇಕಾದ ಸುರಕ್ಷತೆಯ ನಿಯಮ ಅದರಲ್ಲಿದೆ, 1991ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಮೊದಲು ಕಟ್ಟಡ ಪರಿಶೀಲಿಸಿ, ಕರೆಂಟು ನೀರು ತೆಗೆಸಿ, ಗಾಜು ಬಿಚ್ಚಿ, ಮೇಲಿನ ಅಂತಸ್ತಿನಿಂದ ಒಂದೊಂದೇ ಇಳಿಯಿರಿ ಅನ್ನುತ್ತದೆ. ಓದಿದವರು ಕಡಿಮೆ. ಆದರೂ ಹಳೇ ಮೇಸ್ತ್ರಿಗಳು ಮಾಡುತ್ತಿದ್ದದ್ದು ಹೆಚ್ಚುಕಮ್ಮಿ ಹೀಗೇ.

ಮೇಲಿಂದ ಇಳಿಯುವಾಗ ಜನ ಮರೆಯುವುದು ಡೆಬ್ರಿಯ ತೂಕ. ಮೇಲಿನ ಸ್ಲ್ಯಾಬ್ ಒಡೆದು ಕೆಳಗಿನ ಸ್ಲ್ಯಾಬ್ ಮೇಲೆ ಹಾಗೇ ಬಿಡುತ್ತಾರೆ, ಆಮೇಲೆ ಎತ್ತೋಣ ಅಂತ. ಮನೆಯ ಸ್ಲ್ಯಾಬಿಗೆ ಲೆಕ್ಕ ಹಾಕುವಾಗ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 200 ಕಿಲೋ ಹಿಡಿಯುತ್ತಾರೆ. 10×10 ಕೋಣೆಗೆ ಅದು 2 ಟನ್ನಿಗೂ ಕಡಿಮೆ. ಅಲ್ಲಿ ಒಂದಡಿ ಡೆಬ್ರಿ ನಿಂತರೆ ಮತ್ತೆ 4 ಟನ್. ಎರಡು ಪಟ್ಟಿಗಿಂತ ಜಾಸ್ತಿ! ಅದೂ ಮೂವತ್ತು ವರ್ಷದಿಂದ ಸೋರಿ ಕಬ್ಬಿಣ ತುಕ್ಕು ಹಿಡಿದ ಸ್ಲ್ಯಾಬು, ಮೇಲಿಂದ ಬೀಳುವ ಹೊಡೆತ ಬೇರೆ. ಅದಕ್ಕೇ ಸ್ಲ್ಯಾಬಿನಲ್ಲಿ ಒಂದು ಕಡೆ ದೊಡ್ಡ ತೂತು ಮಾಡಿಕೊಂಡು, ಒಡೆದಂತೆಲ್ಲ ನೆಲಕ್ಕೆ ಬಿಡುತ್ತಾ ಹೋಗುತ್ತೇವೆ. ಆ ತೂತಿನ ಕೆಳಗೆ ಯಾರೂ ಸುಳಿಯದಂತೆ ಕಟ್ಟಿ ಹಾಕಿರಬೇಕು.

ಸಜ್ಜಾದ ಬಗ್ಗೆ ಒಂದು ಮಾತು. ಕಿಟಕಿಯ ಮೇಲೆ ಎರಡಡಿ ಚಾಚಿದ ಸಜ್ಜಾ ಕೆಳಗೆ ಆಸರೆಯಿಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ ಅಲ್ವಾ? ಅದರ ಹಿಂದಿನ ತುದಿಯ ಮೇಲೆ ಗೋಡೆ ಕೂತು ಅದನ್ನು ಅದುಮಿ ಹಿಡಿದಿರುತ್ತದೆ. ಗೋಡೆಯನ್ನು ಮೇಲಿಂದ ಬಿಚ್ಚುತ್ತಾ ಬಂದು ಸಜ್ಜಾ ಮಟ್ಟ ಮುಟ್ಟಿದಾಗ ಅದುಮಿದ ಭಾರ ಹೋಗಿರುತ್ತದೆ. ಆಗ ಸಜ್ಜಾ ಮೇಲೆ ಕಾಲಿಟ್ಟವನು ಸಜ್ಜಾ ಸಮೇತ ಬೀದಿಗೆ ಬರುತ್ತಾನೆ. ಬಾಲ್ಕನಿಯೂ ಹೀಗೆಯೇ. ನಾನು ಸಜ್ಜಾ, ಬಾಲ್ಕನಿಗಳನ್ನು ಮೇಲಿನ ಗೋಡೆ ಇನ್ನೂ ಇರುವಾಗಲೇ ದೂರ ನಿಂತು ಬ್ರೇಕರಿನಿಂದ ಉದುರಿಸುತ್ತೇನೆ.

ದೂರ ಅಂದರೆ ಎಷ್ಟು? ಕಟ್ಟಡದ ಅರ್ಧ ಎತ್ತರದಷ್ಟಾದರೂ ಮಿಷನ್ ಆಚೆ ಇರಲಿ. ಗೋಡೆಯನ್ನು ಒಳಗಡೆಗೆ ಬೀಳಿಸಬೇಕೇ ಹೊರತು ಮಿಷನ್ ಕಡೆಗೆ ಎಳೆದುಕೊಳ್ಳಬಾರದು. ಚೈನಿನ ಉದ್ದಕ್ಕೆ ನೇರವಾಗಿ ಕೆಲಸ ಮಾಡುವಾಗ ಹಿಟಾಚಿ ಗಟ್ಟಿ. ತೋಳನ್ನು ಅಡ್ಡಕ್ಕೆ ತಿರುಗಿಸಿ ಪೂರ್ತಿ ಚಾಚಿದರೆ, ತುದಿಯಲ್ಲಿ ಒಂದೂವರೆ ಟನ್ನಿನ ಬ್ರೇಕರ್ ಬೇರೆ ಇರುತ್ತದೆ, ಒಂದು ಕಡೆಯ ಚೈನ್ ನೆಲ ಬಿಡುತ್ತದೆ. ಅದು ಆಪರೇಟರಿನ ಕುಂಡೆಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ.

ಒಂದೇ ಗೋಡೆ, ಎರಡು ಮನೆ

ಆ ದಿನ ಹನ್ನೊಂದರ ತನಕ ಮಿಷನ್ ನಿಂತದ್ದು ಪಕ್ಕದ ಮನೆಗಾಗಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಸ್ಲ್ಯಾಬಿನ ಅಂಚು ಅದರೊಳಗೆ ಆರಿಂಚು ಹೋಗಿತ್ತು. ಮಿಷನ್ನಿನಲ್ಲಿ ಸ್ಲ್ಯಾಬ್ ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಇಬ್ಬರು ಹುಡುಗರು ಮೇಲೆ ಕೂತು ಗೋಡೆಯುದ್ದಕ್ಕೂ ಒಂದಡಿ ಅಗಲ ಸ್ಲ್ಯಾಬನ್ನು ಕಟ್ಟರಿನಲ್ಲಿ ಕೊಯ್ದು, ಚಿಕ್ಕ ಹ್ಯಾಮರಿನಲ್ಲಿ ಒಡೆದು, ಒಳಗಿನ ಸರಳನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸುತ್ತಿದ್ದರು. ನಮ್ಮ ಮನೆ ಅವರ ಮನೆಯಿಂದ ಪೂರ್ತಿ ಬಿಡಿಸಿಕೊಂಡ ಮೇಲೇ ಹಿಟಾಚಿಗೆ ಕೆಲಸ. ಗೋಡೆಯೊಳಗೆ ಉಳಿದ ತುಂಡನ್ನು ಹಾಗೇ ಬಿಟ್ಟು ಮೇಲೆ ಸಿಮೆಂಟ್ ಬಳಿದುಕೊಡುತ್ತೇವೆ.

ಇನ್ನು ಕೆಲಸಕ್ಕೆ ಮುಂಚಿನ ಓಡಾಟ. ಪಾಲಿಕೆಗೆ ತಿಳಿಸಬೇಕು. ಬೆಸ್ಕಾಂನವರು ಬಂದು ಕಂಬದಿಂದಲೇ ತಂತಿ ಬಿಡಿಸಬೇಕು, ಬರೀ ಮೀಟರ್ ಆಫ್ ಮಾಡಿದರೆ ಸಾಲದು. ನಲ್ಲಿ ಲೈನು ಮುಚ್ಚಿಸಬೇಕು, ಪೈಪ್ ಗ್ಯಾಸ್ ಬಂದ ಬೀದಿಯಾದರೆ ಅದನ್ನೂ. ಬೀದಿಯ ಕರೆಂಟ್ ಲೈನಿನಿಂದ ತೋಳು ಕನಿಷ್ಠ 3 ಮೀಟರ್ ದೂರ ಇರಬೇಕು. ಮತ್ತೆ ಒಂದು ಸಣ್ಣ ಕೆಲಸ: ಅಕ್ಕಪಕ್ಕದ ಮನೆಯವರನ್ನು ಕರೆದು, ಅವರ ಎದುರಿಗೇ ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕಿನ ಫೋಟೋ ತೆಗೆದುಕೊಳ್ಳುವುದು. ಇದನ್ನು ಮಾಡದೆ ನಾನು ಒಮ್ಮೆ ಯಾರದೋ ಹತ್ತು ವರ್ಷ ಹಳೇ ಬಿರುಕಿಗೆ ಪ್ಲಾಸ್ಟರ್, ಬಣ್ಣ ಎರಡೂ ಮಾಡಿಸಿಕೊಟ್ಟಿದ್ದೇನೆ.

ಹಗೇವು

ಮೇಲಿನದೆಲ್ಲ ನೋಡಿ ನೆಲ ಮರೆತರೆ ಏನಾಗುತ್ತದೆ ಅಂತ ನನಗೆ ಒಂದು ಹಗೇವು ಕಲಿಸಿತು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗುಡಾಣದ ಹಾಗೆ ಅಗಲ. ಜೋಳ ತುಂಬುವುದು ನಿಂತ ಮೇಲೆ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಗಾರೆ ಮಾಡಿಕೊಂಡು ಬಿಟ್ಟಿರುತ್ತಾರೆ. ಮಕ್ಕಳ ಕಾಲಕ್ಕೆ ಅದು ಅಲ್ಲಿದೆ ಅನ್ನುವುದೇ ಮರೆತುಹೋಗಿರುತ್ತದೆ.

ನಾನಿನ್ನೂ ಮಿಷನ್ ಓಡಿಸುತ್ತಿದ್ದ ಕಾಲ. ಮೇಲಿನದೆಲ್ಲ ಇಳಿಸಿ ಆಗಿತ್ತು. ಹಿಂದಿನ ಗೋಡೆ ಎಟುಕಲಿ ಅಂತ ಪಡಸಾಲೆಯ ಮೇಲೆ ಮಿಷನ್ ಹತ್ತಿಸಿದೆ. ಎಡಗಡೆಯ ಚೈನ್ ಒಂದು ಸಲ ಕುಪ್ಪಳಿಸಿದಂತಾಯಿತು. ಆಮೇಲೆ ಸದ್ದಿಲ್ಲದೆ ಇಳಿಯಿತು. ಕ್ಯಾಬಿನ್ ಎಡಕ್ಕೆ ವಾಲಿ ಬಾಗಿಲಿನಿಂದ ಬರೀ ಮಣ್ಣು ಕಾಣುತ್ತಿತ್ತು. ಹೆದರಿ ಹೊರಗೆ ಜಿಗಿಯುವುದೇ ದೊಡ್ಡ ತಪ್ಪು, ಮಿಷನ್ ಮೇಲೇ ಬೀಳುತ್ತದೆ. ಬೆಲ್ಟ್ ಇತ್ತು, ಕೂತೆ. ಬಲಗೈ ಲಿವರಿನಿಂದ ಬೂಮ್ (ತೋಳಿನ ಬುಡದ ಭಾಗ) ಇಳಿಸಿ, ಎಡಗೈಯಿಂದ ಆರ್ಮ್ (ಅದರ ಮುಂದಿನ ಭಾಗ) ಚಾಚಿ, ಬಕೆಟ್ಟಿನ ಬೆನ್ನನ್ನು ಗಟ್ಟಿ ನೆಲಕ್ಕೆ ಒತ್ತಿ, ಊರುಗೋಲಿನ ಹಾಗೆ ಮಿಷನ್ನನ್ನು ಅದರ ಮೇಲೆ ನಿಲ್ಲಿಸಿಕೊಂಡೆ. ಇನ್ನೊಂದು ಮಿಷನ್ ಬಂದು ಎಳೆಯುವಷ್ಟರಲ್ಲಿ ಸಂಜೆಯಾಯಿತು. ಮಾಲೀಕರ ತಾಯಿ ಬಂದು ನೋಡಿ, "ಅಯ್ಯೋ, ಅಲ್ಲಿ ಹಗೇವು ಇತ್ತಲ್ಲಪ್ಪ, ನನ್ನ ಕೇಳಿದ್ರೆ ಹೇಳ್ತಿದ್ನಲ್ಲ" ಅಂದರು. ಕೇಳಿರಲಿಲ್ಲ. ಈಗ ಯಾವ ಕೆಲಸಕ್ಕೆ ಹೋದರೂ ಮನೆಯ ಹಿರಿಯ ಹೆಂಗಸರನ್ನು ಮೊದಲು ಮಾತಾಡಿಸುತ್ತೇನೆ. ಹಗೇವು, ಮುಚ್ಚಿದ ಬಾವಿ, ಹಳೇ ಪಾಯಿಖಾನೆ ಗುಂಡಿ, ಸಂಪು, ಎಲ್ಲ ಅವರಿಗೇ ಗೊತ್ತಿರುವುದು.

ದೂಳು ಮತ್ತು ಡೆಬ್ರಿ

ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೇ ಜಾಸ್ತಿ ಕೆಟ್ಟದ್ದು. ಅದು ಶ್ವಾಸಕೋಶದಲ್ಲಿ ಕೂತು ವರ್ಷಗಳ ಮೇಲೆ ಸಿಲಿಕೋಸಿಸ್ ತರುತ್ತದೆ, ಬಂದರೆ ಹೋಗುವುದಿಲ್ಲ. ನೀರು ಹೊಡೆಯುವುದೇ ಮದ್ದು, ಅದೂ ಒಡೆಯುವ ಜಾಗಕ್ಕೇ, ಒಡೆಯುವಾಗಲೇ. ಬಾಯಿಗೆ ಕಟ್ಟಿಕೊಳ್ಳುವ ಟವೆಲ್ ಈ ದೂಳನ್ನು ತಡೆಯುವುದಿಲ್ಲ.

ಇನ್ನೊಂದು ಸಿಮೆಂಟ್ ಶೀಟು. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಹತ್ತಿ ಮಿಲ್ಲುಗಳು ಮುಚ್ಚಿದವು, ಗೋಡೌನು ಶೆಡ್ಡುಗಳು ಉಳಿದವು. ಹಳೇ ಶೆಡ್ಡಿನ ಸಿಮೆಂಟ್ ಶೀಟು ಅಂದರೆ ಅದರಲ್ಲಿ ಆಸ್ಬೆಸ್ಟಾಸ್ ನಾರು ಇದೆ ಅಂತಲೇ ತಿಳಿಯಿರಿ. ಒಡೆದರೆ ನಾರು ಗಾಳಿಗೆ ಬರುತ್ತದೆ, ಕ್ಯಾನ್ಸರಿಗೆ ದಾರಿ. ಅದಕ್ಕೆ ಬಕೆಟ್ ತಾಗಿಸಲೇಬಾರದು. ನೆನೆಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು. ಅದರ ಮೇಲೆ ನಡೆಯುವುದಂತೂ ಬೇಡ, ಕಾಲು ನೇರ ಒಳಗೆ ಹೋಗುತ್ತದೆ.

ಡೆಬ್ರಿ ಎಲ್ಲಿಗೆ ಹೋಗುತ್ತದೆ ಅನ್ನುವುದು ನಮ್ಮ ಕೆಲಸದ ಮುಜುಗರದ ಭಾಗ. ನಿಜ ಹೇಳಬೇಕೆಂದರೆ, ಎಷ್ಟೋ ಟಿಪ್ಪರ್ ಲೋಡು ಕೆರೆಯಂಚಿಗೋ ಹಳ್ಳಕ್ಕೋ ಬೀಳುತ್ತದೆ. 2016ರ ನಿಯಮದ ಪ್ರಕಾರ ದಿನಕ್ಕೆ 20 ಟನ್ನಿಗಿಂತ, ಇಲ್ಲವೇ ತಿಂಗಳಿಗೆ 300 ಟನ್ನಿಗಿಂತ ಜಾಸ್ತಿ ಡೆಬ್ರಿ ಮಾಡುವವರು ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಅಂತ ನಾಲ್ಕು ಪಾಲು ಮಾಡಿ, ವಿಲೇವಾರಿ ಯೋಜನೆಗೆ ಸ್ಥಳೀಯ ಸಂಸ್ಥೆಯಿಂದ ಒಪ್ಪಿಗೆ ಪಡೆಯಬೇಕಿತ್ತು. 2025ರಲ್ಲಿ ಹೊಸ ನಿಯಮ ಪ್ರಕಟವಾಗಿ, 2026ರ ಏಪ್ರಿಲ್ 1ರಿಂದ ಜಾರಿ ಅಂತ ಗೊತ್ತುಮಾಡಿದ್ದಾರೆ. ದಿನಕ್ಕೆ 20 ಟನ್ ಅಂದರೆ ದೊಡ್ಡದೇನಲ್ಲ, 1,000 ಚದರಡಿಯ ಒಂದೇ ಸ್ಲ್ಯಾಬು ಸುಮಾರು 29 ಟನ್ ಆಗುತ್ತದೆ. ಒಡೆದ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಜಲ್ಲಿಯಾಗಿ ಬಳಸಬಹುದು. ಜಲ್ಲಿ, ಮರಳಿನ ಮಾನಕವಾದ ಐಎಸ್ 383ರ 2016ರ ಆವೃತ್ತಿ ಸರಳಿಲ್ಲದ ಕಾಂಕ್ರೀಟಿಗೆ ಶೇ 25ರ ತನಕ ಅದನ್ನು ಒಪ್ಪುತ್ತದೆ.

ಬೆಲೆ ಇರುವುದು ಮಾತ್ರ ಎಂದೂ ಹಳ್ಳಕ್ಕೆ ಹೋಗುವುದಿಲ್ಲ. ಸರಳು ಗುಜರಿಗೆ, ತೇಗದ ತೊಲೆ ಬಾಗಿಲು ಹಳೇ ಮರದ ಅಂಗಡಿಗೆ, ಪಾಯದ ಸೈಜುಗಲ್ಲು ಇನ್ನೊಬ್ಬರ ಪಾಯಕ್ಕೆ. ಮಾಳಿಗೆ ಮನೆಯಾದರೆ ಮರದ ಬೆಲೆ ನೋಡಿಕೊಂಡು ಕಾಂಟ್ರಾಕ್ಟರೇ ಮಾಲೀಕರಿಗೆ ದುಡ್ಡು ಕೊಡುವುದುಂಟು. ಬರೀ ಆರ್‌ಸಿಸಿ ಆದರೆ ಮಾಲೀಕರು ಕೊಡಬೇಕು. ಮಿಷನ್ನಿನಲ್ಲಿ ಒಂದೇ ಸಲಕ್ಕೆ ಕೆಡವಿದರೆ ಮರವೆಲ್ಲ ಸೌದೆ. ನಿಧಾನಕ್ಕೆ ಅದೂ ಒಂದು ಕಾರಣ.

ಕೈ ಎತ್ತಿದರೆ ನಿಲ್ಲಿಸು

ಈ ಕೆಲಸಕ್ಕೆ ಬರುವವರು ಬಹುತೇಕ ಹೆಲ್ಪರ್ ಆಗಿಯೇ ಬರುತ್ತಾರೆ. ಗ್ರೀಸ್ ಹೊಡೆಯುವುದು, ಡೀಸೆಲ್ ತರುವುದು, ನೀರು ಹಿಡಿಯುವುದು. ಊಟದ ಹೊತ್ತಲ್ಲಿ ಲಿವರ್ ಮುಟ್ಟಲು ಬಿಟ್ಟರೆ ಪುಣ್ಯ. ಈಗ ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್‌ನ ಸರ್ಟಿಫಿಕೇಟ್ ಇದೆ, ದೊಡ್ಡ ಕಂಪನಿಗಳು ಕೇಳುತ್ತವೆ. ಕೆಡವುವ ಕೆಲಸವೂ ಕಟ್ಟಡ ಕಾರ್ಮಿಕರ ಕಾನೂನಿನೊಳಗೇ ಬರುತ್ತದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಮಂಡಳಿಯಲ್ಲಿ ಹೆಸರು ಬರೆಸಬಹುದು. ಗಾರೆ ಕೆಲಸದವರಿಗೆ ಮಾತ್ರ ಅಂದುಕೊಂಡು ನಮ್ಮ ಹುಡುಗರು ಸುಮ್ನೆ ಬಿಟ್ಟಿರುತ್ತಾರೆ.

ಬ್ರೇಕರ್ ಹೊಡೆಯುವಾಗ ಆಪರೇಟರಿಗೆ ಕೂಗು ಕೇಳಿಸುವುದಿಲ್ಲ, ದೂಳಿನಲ್ಲಿ ಅರ್ಧ ಕಾಣಿಸುವುದೂ ಇಲ್ಲ. ಹೆಲ್ಪರಿನ ಕೈಸನ್ನೆಯೇ ಅವನ ಕಣ್ಣು. ಎಡಕ್ಕೆ, ಬಲಕ್ಕೆ, ಇಳಿಸು, ಎತ್ತು, ಇವನ್ನೆಲ್ಲ ಒಬ್ಬನೇ ತೋರಿಸಬೇಕು. ಇಬ್ಬರು ತೋರಿಸಿದರೆ ಗೊಂದಲ. ಎರಡೂ ಕೈ ಮೇಲೆತ್ತುವ ಸನ್ನೆ ಒಂದಕ್ಕೆ ಮಾತ್ರ ಈ ಕಟ್ಟು ಇಲ್ಲ. ದಾರಿಹೋಕರು ಎತ್ತಲಿ, ಮಗು ಎತ್ತಲಿ, ಮಿಷನ್ ನಿಲ್ಲಬೇಕು, ಕಾರಣ ಆಮೇಲೆ.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಚೌಕಿಪೇಟೆಯ ಮನೆಯ ಹಿಂದಿನ ಸ್ಲ್ಯಾಬು ಅರ್ಧ ಇಳಿದಿತ್ತು. ಬ್ರೇಕರ್ ಹದವಾಗಿ ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಆಪರೇಟರ್ ತೋಳನ್ನು ನೆಲಕ್ಕೆ ಊರಿ, ಲಾಕ್ ಎಳೆದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿ ಕಡೆ ನೋಡುತ್ತಿದ್ದ. ಮೇಲಿದ್ದ ಹುಡುಗರೂ ಗೋಡೆಗೆ ಒರಗಿ ನಿಂತುಬಿಟ್ಟರು. ಯಾರಿಗೆ ಏನಾಯಿತೋ ಅಂತ ನಾನು ಓಡಿ ಬಂದೆ. ಹಗ್ಗ ಕಟ್ಟಿದ ಗೆರೆಯ ಆಚೆ, ಅಂಗಡಿಯ ಕಟ್ಟೆ ಮೇಲೆ ಅಜ್ಜ ಎರಡೂ ಕೈ ಮೇಲೆತ್ತಿ ನಿಂತಿದ್ದರು.

"ಏನಾಯ್ತು ಅಜ್ಜ?"

"ಏನಿಲ್ಲಪ್ಪ. ಮಂಡಕ್ಕಿ ಮೆಣಸಿನಕಾಯಿ ತರ್ಸೀನಿ, ಬಿಸಿ ಅದಾವೆ. ಕರೀತಾನೇ ಇದೀನಿ, ಯಾರಿಗೂ ಕೇಳ್ಸವಲ್ದು."